ಸುಣ್ಣ ಕುಡಿಯುವ ಜೀವ

ಹೋದ ತಿಂಗಳು ಮಗಳ ಗಪ್ಪಿ ಮೀನಿನ ತೊಟ್ಟಿಯ ಏರ್ ಪಂಪ್ ಕೆಟ್ಟಿತ್ತು. ಹೊಸದು ತರೋಣ ಅಂತ ಮಾಮೂಲಿ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಪಂಪನ್ನು ಕವರಿಗೆ ಹಾಕುತ್ತಾ ಒಮ್ಮೆ ಅತ್ತಿತ್ತ ನೋಡಿ, ಫೋನ್ ನನ್ನ ಮುಂದೆ ಹಿಡಿದ. "ಸಾರ್, ನೀವು ಫಾರಿನ್‌ನಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟಿದ್ರಿ ಅಲ್ವಾ? ಇದು ನೋಡಿ, ಲೈವ್." ನೀಲಿ ಬೆಳಕಿನಲ್ಲಿ ತೆಗೆದ ಫೋಟೊ. ಮೂರು ತಲೆಯ ಹ್ಯಾಮರ್ ಕೋರಲ್, ಕಲ್ಲು ಹವಳದ ಒಂದು ಜಾತಿ. ಬೆರಳಿನಂಥ ಎಳೆಗಳು, ಒಂದೊಂದರ ತುದಿಯಲ್ಲೂ ಪುಟ್ಟ ಸುತ್ತಿಗೆ. ಸಂತೆಯಲ್ಲಿ ಹಳೇ ಗೆಳೆಯ ಕಂಡ ಹಾಗಾಯಿತು ನನಗೆ. ಎಲ್ಲಿಂದ ಬರುತ್ತೆ ಅಂತ ಕೇಳಿದೆ. "ಬರುತ್ತೆ ಸಾರ್" ಅಂದ. ಪೇಪರ್ ಏನಾದರೂ ಇದೆಯಾ? "ಪೇಪರ್ ಯಾತಕ್ಕೆ ಸಾರ್, ಕಲ್ಲಲ್ವಾ ಅದು."

ಬೇಡಪ್ಪಾ ಅಂದು ಬಂದುಬಿಟ್ಟೆ. ಆದರೆ ಕುಕ್ಕರಹಳ್ಳಿ ಕೆರೆ ದಾಟುವಷ್ಟರಲ್ಲಿ ತಲೆಯಲ್ಲಿ ಲೆಕ್ಕ ಶುರುವಾಗಿತ್ತು. ಅಟ್ಟದ ಮೇಲೆ ಹಳೇ ಗಾಜಿನ ತೊಟ್ಟಿ ಇದೆ. ಒಂದು ಲೀಟರಿಗೆ 35 ಗ್ರಾಂ ಉಪ್ಪು, 120 ಲೀಟರಿಗೆ 4.2 ಕೆಜಿ. ವಾರಕ್ಕೆ 12 ಲೀಟರ್ ನೀರು ಬದಲಾಯಿಸಬೇಕು. ನಮ್ಮ ಬೋರ್‌ವೆಲ್ ನೀರು ಆಗಲ್ಲ, ಆರ್‌ಒ ನೀರೇ ಬೇಕು. ಕರೆಂಟ್ ಹೋದರೆ ನೀರು ಅಲ್ಲಾಡಿಸುವ ಪಂಪಿಗೆ ಬ್ಯಾಟರಿ. ಏಪ್ರಿಲ್‌ನಲ್ಲಿ ಹಾಲ್‌ನ ಸೆಕೆಗೆ ನೀರು 30 ಡಿಗ್ರಿ ದಾಟದ ಹಾಗೆ ಫ್ಯಾನ್. ಮನೆಗೆ ಬಂದು ಕರೆಂಟ್ ಬಿಲ್ಲಿನ ಹಿಂದೆ ಇದನ್ನೆಲ್ಲ ಬರೆದೂ ಬರೆದೆ. ಮಾಡಬಾರದು ಅಂತ ತೀರ್ಮಾನ ಆದ ಕೆಲಸಕ್ಕೆ ಇಷ್ಟು ನೀಟಾಗಿ ಲೆಕ್ಕ ಬರೆಯುವ ಮನುಷ್ಯನನ್ನು ಏನನ್ನಬೇಕೋ.

ಯಾಕೆ ಮಾಡಬಾರದು ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಕಲ್ಲು ಹವಳಗಳೆಲ್ಲ 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿವೆ. ಬಂಡೀಪುರದ ಹುಲಿ, ಆನೆ ಇರುವ ಪಟ್ಟಿಯೇ ಅದು. ಹಿಡಿದರೆ, ಮಾರಿದರೆ, ಕೊಂಡರೆ 3 ವರ್ಷದಿಂದ 7 ವರ್ಷದವರೆಗೆ ಜೈಲು. ಹೊರದೇಶಗಳ ನಡುವಿನ ವ್ಯಾಪಾರಕ್ಕೂ ಸೈಟಿಸ್ ಅನ್ನುವ ಒಪ್ಪಂದದ ಲಗಾಮು ಇದೆ. ಜರ್ಮನಿಯಿಂದ ಬರುವಾಗ ನನ್ನ ಹವಳವನ್ನು ತರಲು ಆಗದೆ ಹೋದದ್ದೂ ಇದಕ್ಕೇ. ಅಂಗಡಿಯ ಹುಡುಗನ ಪಾಲಿಗೆ ಅದು ಕಲ್ಲು. ಅವನನ್ನು ಬೈದು ಪ್ರಯೋಜನವಿಲ್ಲ, ಒಂದು ಕಾಲಕ್ಕೆ ನನಗೂ ಅದು ಅಷ್ಟೇ ಆಗಿತ್ತು.

ತಲೆ ಎರಡಾಗುವುದು

ಸ್ಟುಟ್‌ಗಾರ್ಟ್‌ನಲ್ಲಿ ನಾನಿದ್ದದ್ದು ಮೂರನೇ ಮಹಡಿಯ ಸಣ್ಣ ಮನೆ. 2016ರ ಅಕ್ಟೋಬರ್‌ನಲ್ಲಿ, ಚಳಿಗಾಲ ಶುರುವಾಗುವ ಮುಂಚೆ, ಎರಡು ತಲೆಯ ಹ್ಯಾಮರ್ ತಂದೆ. ಯಾರದೋ ತೊಟ್ಟಿಯಲ್ಲಿ ಬೆಳೆದದ್ದನ್ನು ಮುರಿದು ಕೊಟ್ಟ ತುಂಡು. ಅಲ್ಲಿ ಹಾಗೆ ಮುರಿದು ಕೊಡುವುದು, ನಮ್ಮಲ್ಲಿ ದಾಸವಾಳದ ಕಡ್ಡಿ ಮುರಿದು ಪಕ್ಕದ ಮನೆಗೆ ಕೊಟ್ಟಷ್ಟೇ ಸಾಮಾನ್ಯ.

ಹ್ಯಾಮರ್‌ನ ತಲೆ ಅಂದರೆ ಒಂದು ಬಾಯಿ, ಅದರ ಸುತ್ತ ಎಳೆಗಳು. ಎಳೆಗಳ ಲೆಕ್ಕ ಸಾಮಾನ್ಯವಾಗಿ ಆರರ ಮಗ್ಗಿಯಲ್ಲಿ. ಕೆಳಗೆ ತನಗೆ ತಾನೇ ಕಟ್ಟಿಕೊಂಡ ಕಲ್ಲಿನ ಕಪ್. ಹಗಲು ಲೈಟ್ ಬಂದರೆ ಎಳೆಗಳು ಉಬ್ಬಿ ನೀರಿನಲ್ಲಿ ತೂಗಾಡುತ್ತವೆ, ರಾತ್ರಿ ಕುಗ್ಗುತ್ತವೆ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಬೆಳಕಿನಲ್ಲಿ ಅಡುಗೆ ಮಾಡುವುದು ಆ ಪಾಚಿ, ಉಣ್ಣುವುದು ಇಬ್ಬರೂ. ಬಿಸಿ ಜಾಸ್ತಿಯಾದರೆ ಈ ಸಂಸಾರ ಮುರಿಯುತ್ತದೆ. ಹವಳ ಪಾಚಿಯನ್ನು ಹೊರಗೆ ಹಾಕುತ್ತದೆ, ಬಣ್ಣ ಹೋಗಿ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ. 2024ರಲ್ಲಿ ಲಕ್ಷದ್ವೀಪದ ಹವಳ ಬೆಳ್ಳಗಾದ ಫೋಟೊಗಳು ಬಂದವಲ್ಲ, ಅದೇ. ಅಲ್ಲಿನ ಸಮುದ್ರ ತಿಂಗಳುಗಟ್ಟಲೆ ಬಿಸಿಯಾಗಿಯೇ ಇತ್ತು. ಆ ಫೋಟೊ ನೋಡುವಾಗ ನನಗೆ ನಾಚಿಕೆಯಾಯಿತು. ನನ್ನ ತೊಟ್ಟಿಯ ಹೀಟರ್ 25ಕ್ಕೂ 26ಕ್ಕೂ ನಡುವೆ ಕೂದಲೆಳೆಯಷ್ಟು ಆಚೀಚೆ ಆದರೂ ನಾನು ರಾತ್ರಿ ಎದ್ದು ನೋಡುತ್ತಿದ್ದವನು. ಸಮುದ್ರಕ್ಕೆ ಹಾಗೆ ಎದ್ದು ನೋಡುವವರು ಯಾರು.

ಒಂದು ತಲೆ ಎರಡಾಗುವುದನ್ನು ನೋಡಲು ತಾಳ್ಮೆ ಬೇಕು. ಮೊದಲು ಬಾಯಿ ಉದ್ದವಾಗುತ್ತದೆ. ಎರಡು ಮೂರು ತಿಂಗಳು ಹಾಗೇ ಇರುತ್ತದೆ. ಆಮೇಲೆ ಒಂದು ದಿನ ನೋಡಿದರೆ ನಡುವೆ ಸೊಂಟ. ದೊಡ್ಡ ಮುದ್ದೆಯನ್ನು ಕೈಯಲ್ಲಿ ಹಿಂಡಿ ಎರಡು ಮಾಡುವಾಗ ಬರುತ್ತದಲ್ಲ, ಹಾಗೆ. ಒಂದು ಬಾಯಿ ಎರಡು ಬಾಯಿ ಆಗುತ್ತದೆ, ಕೆಳಗಿನ ಕಲ್ಲೂ ಕವಲೊಡೆಯುತ್ತದೆ. 2018ರ ಮೇ ತಿಂಗಳಿಗೆ ನನ್ನ ಹ್ಯಾಮರ್‌ಗೆ ನಾಲ್ಕು ತಲೆ. ಅದೇ ತಿಂಗಳು ಅಮ್ಮ ಬಂದರು.

ಅಮ್ಮ ಮತ್ತು ಡಬ್ಬಿ

90 ದಿನದ ವೀಸಾ. ಸೂಟ್‌ಕೇಸ್ ತುಂಬ ರಾಗಿಹಿಟ್ಟು, ಹುಣಸೆಹಣ್ಣು, ಹುರಿಗಡಲೆ. ಮೂಲೆಯಲ್ಲಿ ಅಡಿಕೆ, ಒಂದು ಪುಟ್ಟ ಸುಣ್ಣದ ಡಬ್ಬಿ. ಎಲೆ ಮಾತ್ರ ತರಲಿಲ್ಲ. ಮೈಸೂರು ಚಿಗುರೆಲೆ ಎರಡು ದಿನದಲ್ಲಿ ಬಾಡುತ್ತೆ, ಬಾಡಿದ್ದನ್ನು ಹಾಕಿಕೊಳ್ಳುವುದಕ್ಕಿಂತ ಮೂರು ತಿಂಗಳು ಬಿಡುವುದೇ ವಾಸಿ ಅಂದರು. ಹಾಗಾದರೆ ಸುಣ್ಣ ಯಾಕಮ್ಮಾ ಅಂದರೆ ಉತ್ತರ ಇಲ್ಲ.

ತೊಟ್ಟಿ ನೋಡಿದ ಮೊದಲ ದಿನ ಅವರಿಗೆ ಕಂಡದ್ದು ಮೀನು ಮಾತ್ರ. "ಎರಡೇ ಮೀನಿಗೆ ಇಷ್ಟು ದೊಡ್ಡ ತೊಟ್ಟಿಯಾ?" ಇದು ಹವಳ ಕಣಮ್ಮಾ ಅಂದೆ. ಕತ್ತಿನ ಕರಿಮಣಿ ಸರ ಎತ್ತಿ, ಅದರಲ್ಲಿದ್ದ ಎರಡು ಕೆಂಪು ಹವಳ ತೋರಿಸಿ, "ಇದಾ?" ಅಂದರು. ಅಲ್ಲ. ಸರದ ಕೆಂಪು ಹವಳ ಬೇರೆ ಜಾತಿ. ಅದಕ್ಕೆ ಎಂಟೇ ಎಳೆ, ಮೈಯಲ್ಲಿ ಪಾಚಿ ಇಲ್ಲ, ಬೆಳಕೂ ಬೇಡ. ಜೋಯಿಸರು ಕುಜದೋಷಕ್ಕೆ ಉಂಗುರ ಮಾಡಿಸಿ ಅನ್ನುವುದು ಆ ಹವಳಕ್ಕೆ. ಇದು ಕಲ್ಲು ಹವಳ, ದ್ವೀಪ ಕಟ್ಟುವ ಜಾತಿ. ಅಮ್ಮನಿಗೆ ಸಮಾಧಾನ ಆಗಲಿಲ್ಲ. "ಕೆಂಪಗಿಲ್ಲ, ಗಟ್ಟಿಯಾಗಿಲ್ಲ. ಇದೆಂಥಾ ಹವಳ" ಅಂದು ಅಡುಗೆಮನೆಗೆ ಹೋದರು.

ಮೂರನೇ ದಿನ ರಾತ್ರಿ ನಾನು ಜಾಡಿಯಲ್ಲಿ ನೀರು ಕಲಸುತ್ತಿದ್ದೆ. ಬಿಳಿ ಪುಡಿ, ಶುದ್ಧ ನೀರು. ಅಲ್ಲಾಡಿಸಿ ಇಟ್ಟರೆ ಒಂದು ಗಂಟೆಯಲ್ಲಿ ಗಸಿ ಕೆಳಗೆ ಕೂರುತ್ತದೆ, ಮೇಲೆ ಕನ್ನಡಿಯಂಥ ತಿಳಿ. ತಿಳಿಯನ್ನು ಮಾತ್ರ ಇನ್ನೊಂದು ಬಾಟಲಿಗೆ ಬಗ್ಗಿಸಿ, ಆಸ್ಪತ್ರೆಯ ಡ್ರಿಪ್ ಪೈಪಿನಲ್ಲಿ ತೊಟ್ಟಿಗೆ ಹನಿಹನಿಯಾಗಿ ಬಿಡಬೇಕು. ಜರ್ಮನರು ಇದಕ್ಕೆ ಕಾಲ್ಕ್‌ವಾಸರ್ ಅನ್ನುತ್ತಾರೆ. ಈ ಹವ್ಯಾಸದವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಅದೇ ಹೆಸರು ಹಿಡಿದು ಮಾತಾಡುತ್ತಾರೆ. ನಾನು ದೊಡ್ಡ ವಿಜ್ಞಾನಿಯ ಗತ್ತಿನಲ್ಲಿ ಕಾಲ್ಕ್‌ವಾಸರ್ ಅಂದೆ. ಅಮ್ಮ ಜಾಡಿಯ ಬಾಯಿಯ ಮೇಲೆ ಕಟ್ಟಿದ್ದ ತೆಳು ಕೆನೆ ನೋಡಿದರು. ಅಂಚಿಗೆ ಮೆತ್ತಿದ್ದ ಬಿಳಿಯನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಉಜ್ಜಿದರು.

"ಸುಣ್ಣ ಕಣೋ ಇದು."

ಹೌದಲ್ಲ. ಎರಡು ವರ್ಷದಿಂದ ಕಾಲ್ಕ್‌ವಾಸರ್ ಅಂತಿದ್ದೇನೆ, ಅದು ಸುಣ್ಣದ ತಿಳಿನೀರು ಅಂತ ಒಂದು ದಿನವೂ ಕನ್ನಡದಲ್ಲಿ ಹೊಳೆದಿರಲಿಲ್ಲ. "ಇದಕ್ಕೆ ಎಷ್ಟು ದುಡ್ಡು ಕೊಟ್ಟೆ?" ಅಂತ ಕೇಳಿದರು. ಹೇಳಿದೆ. ಅಮ್ಮನ ಮುಖ ನೋಡಿ, ಹೇಳಬಾರದಿತ್ತು ಅನ್ನಿಸಿತು.

ಅಮ್ಮನ ತವರು ಮಂಡ್ಯದ ಹತ್ತಿರದ ಹಳ್ಳಿ. ಯುಗಾದಿಗೆ ಮುಂಚೆ ಸುಟ್ಟ ಸುಣ್ಣದ ಕಲ್ಲು ತಂದು ಗುಡಾಣದಲ್ಲಿ ಹಾಕಿ ನೀರು ಹುಯ್ಯುತ್ತಿದ್ದರಂತೆ. ಕೊತಕೊತ ಕುದಿಯುತ್ತಿತ್ತಂತೆ, ಮಕ್ಕಳು ಹತ್ತಿರ ಹೋದರೆ ಬೆನ್ನ ಮೇಲೆ ಏಟು. ಕೆಳಗಿನ ಗಟ್ಟಿ ಗೋಡೆಗೆ. ನುಣ್ಣಗಿದ್ದದ್ದನ್ನು ಬಟ್ಟೆಯಲ್ಲಿ ಸೋಸಿ ಎಲೆಗೆ. ಸುಣ್ಣದ ಕೆನೆ, ತಿಳಿ, ಗಸಿ ಎಲ್ಲ ಅವರಿಗೆ ಗೊತ್ತಿರುವ ಸಂಗತಿ. ಎಷ್ಟೇ ಪುಡಿ ಸುರಿದರೂ ನೀರು ಹಿಡಿಯುವಷ್ಟೇ ಹಿಡಿಯುತ್ತದೆ, ಲೀಟರಿಗೆ ಒಂದೂವರೆ ಗ್ರಾಂ ಆಸುಪಾಸು, ಮಿಕ್ಕಿದ್ದು ಗಸಿ. ಇದನ್ನು ನಾನು ಪುಸ್ತಕ ಓದಿ ತಿಳಿದುಕೊಂಡೆ. ಕೆನೆ ಬರುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿ, ಸುಣ್ಣ ಮತ್ತೆ ಕಲ್ಲಾಗುವುದರಿಂದ. ಹವಳ ತನ್ನ ಕಪ್ ಕಟ್ಟುವುದೂ ಅದೇ ಕಲ್ಲಿನಿಂದ, ಕ್ಯಾಲ್ಸಿಯಂ ಕಾರ್ಬೊನೇಟ್. ಚಿಪ್ಪು ಸುಟ್ಟರೂ ಸುಣ್ಣ, ಸುಣ್ಣದಕಲ್ಲು ಸುಟ್ಟರೂ ಸುಣ್ಣ. ಹವಳ ಸುಟ್ಟರೂ ಸುಣ್ಣವೇ. ಮನ್ನಾರ್ ಕೊಲ್ಲಿಯಲ್ಲಿ ಸುಣ್ಣದ ಗೂಡಿಗೆ ಹಾಕಲು ಹವಳ ಅಗೆದು ಸಾಗಿಸಿದ ಕಾಲವೂ ಇತ್ತು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಅನ್ನುತ್ತೇವೆ. ನಮ್ಮ ತೊಟ್ಟಿಯಲ್ಲಿ ಗಾದೆ ಉಲ್ಟಾ, ಸುಣ್ಣ ಸಿಕ್ಕಿದ್ದೇ ಪುಣ್ಯ.

ಇನ್ನೊಂದು ವಿಷಯವೂ ಅಮ್ಮನಿಗೆ ಹೇಳಿಕೊಡಬೇಕಾಗಲಿಲ್ಲ. ತೊಟ್ಟಿಯ ನೀರು ದಿನಕ್ಕೆ ಒಂದೂವರೆ ಲೀಟರ್ ಆವಿಯಾಗುತ್ತದೆ. ಅದರ ಬದಲಿಗೆ ಉಪ್ಪುನೀರು ಹಾಕಬಾರದು, ಸಿಹಿನೀರೇ ಹಾಕಬೇಕು. ಹೊಸಬರು ತಪ್ಪುವುದೇ ಇಲ್ಲಿ. ಅಮ್ಮ ಅಂದರು, "ಸಾರು ಬತ್ತಿದ್ರೆ ಉಪ್ಪಾಗಲ್ವಾ? ಅದಕ್ಕೆ ಮತ್ತೆ ಉಪ್ಪು ಹಾಕ್ತಾರಾ?"

ಎರಡು ಚಮಚ ಸೋಡಾ

ಈಗ ನನ್ನ ಘನಕಾರ್ಯ. ನೀರಿನಲ್ಲಿ ಕಾರ್ಬೊನೇಟ್ ಎಷ್ಟಿದೆ ಅನ್ನುವುದಕ್ಕೆ ಕೆಎಚ್ ಅಂತ ಒಂದು ಅಳತೆ. ಅದನ್ನು ಜರ್ಮನ್ ಡಿಗ್ರಿಯಲ್ಲಿ ಹೇಳುತ್ತಾರೆ. 8 ಅಥವಾ 9 ಇದ್ದರೆ ಹವಳಕ್ಕೆ ಹಾಯಿ. ಆದರೆ ಆ ನಂಬರಿಗಿಂತ ಮುಖ್ಯ ಅದು ಅಲ್ಲಾಡದೆ ನಿಲ್ಲುವುದು. 8 ಇದ್ದರೆ ದಿನಾ 8 ಇರಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿರುವುದಕ್ಕೂ ಮಾಡುವುದಕ್ಕೂ ಏನು ಸಂಬಂಧ.

ನಾನು ದಿನಾ ಅಳೆಯುತ್ತಿದ್ದೆ. ಗಾಜಿನ ಕೊಳವೆಯಲ್ಲಿ ತೊಟ್ಟಿ ನೀರು, ಅದಕ್ಕೆ ಹನಿ ಹನಿ ಔಷಧಿ. ನೀಲಿ ಬಣ್ಣ ಹಳದಿಯಾಗುವವರೆಗೆ ಎಣಿಸಬೇಕು, ಹನಿಗೊಂದು ಡಿಗ್ರಿ. ಜೂನ್ ತಿಂಗಳ ಒಂದು ಶುಕ್ರವಾರ, ಆಫೀಸಿನಲ್ಲಿ ತಲೆಕೆಟ್ಟು ಬಂದಿದ್ದೆ, ಆರನೇ ಹನಿಗೇ ಹಳದಿಯಾಯಿತು. ಆರು! ಎದೆ ಧಸಕ್ಕೆಂದಿತು. ಇನ್ನೊಮ್ಮೆ ಅಳೆದೆ, ಆರೇ. ಅಡುಗೆಮನೆಗೆ ಹೋಗಿ ಅಡುಗೆ ಸೋಡಾ ತಂದೆ. ನೂರು ಲೀಟರ್ ನೀರಿಗೆ ಒಂದು ಡಿಗ್ರಿ ಏರಿಸಲು 3 ಗ್ರಾಂ ಸಾಕು. ಅದನ್ನೂ ಒಂದು ದಿನ ತಗೊಂಡು ಕೊಡಬೇಕು. ನಾನು ಎರಡು ಚಮಚ ಗೋಪುರದ ಹಾಗೆ ತುಂಬಿ ಕಲಕಿ ಸುರಿದೆ. ಅಮ್ಮ ಸೊಪ್ಪು ಬಿಡಿಸುತ್ತಾ ನೋಡುತ್ತಿದ್ದರು. "ಏನಾಯ್ತೋ ಅದಕ್ಕೆ? ಚೆನ್ನಾಗೇ ಇದೆಯಲ್ಲ" ಅಂದರು. ನಿನಗೆ ಗೊತ್ತಾಗಲ್ಲ ಸುಮ್ನಿರಮ್ಮಾ ಅಂದೆ.

ಮಾರನೇ ದಿನ ಅನುಮಾನ ಬಂದು ಹೊಸ ಟೆಸ್ಟ್ ಕಿಟ್ ತಂದೆ. 12. ಹಳೇ ಬಾಟಲಿಯ ತಳ ನೋಡಿದರೆ ಅವಧಿ ಮುಗಿದು ಏಳು ತಿಂಗಳಾಗಿತ್ತು. ಅಂದರೆ ನೀರು 8ರಲ್ಲಿ ನೆಮ್ಮದಿಯಾಗಿತ್ತು, ನಾನು ಒಂದೇ ಏಟಿಗೆ 12ಕ್ಕೆ ಎಳೆದಿದ್ದೆ.

ಎರಡು ದಿನ ಹ್ಯಾಮರ್ ಅರಳಲಿಲ್ಲ. ನಾಲ್ಕನೇ ದಿನ ಒಂದು ತಲೆಯ ಅಂಚಿನಲ್ಲಿ ಕಂದು ಲೋಳೆ. ಹಳಸಿದ ಬೇಳೆಯ ಮೇಲೆ ಕಟ್ಟುವಂಥದ್ದು. ಇದಕ್ಕೆ ಬ್ರೌನ್ ಜೆಲ್ಲಿ ಅನ್ನುತ್ತಾರೆ, ಏಟು ತಿಂದ ಹವಳಕ್ಕೆ ಬೇಗ ಹತ್ತುತ್ತದೆ, ಹಾಗೇ ಬಿಟ್ಟರೆ ಪಕ್ಕದ ತಲೆಗೂ ದಾಟುತ್ತದೆ. ಕಲ್ಲನ್ನು ಹೊರಗೆ ತೆಗೆಯುವ ಮುಂಚೆ ಲೋಳೆಯನ್ನು ಪೈಪಿನಿಂದ ಹೀರಿ ಬಕೆಟ್ಟಿಗೆ ಬಿಟ್ಟೆ, ಇಲ್ಲದಿದ್ದರೆ ನೀರಿನ ತುಂಬ ಹರಡುತ್ತದೆ. ಬಕೆಟ್ ಹಿಡಿದುಕೊಂಡವರು ಅಮ್ಮ. ಆ ವಾಸನೆ ನಾನು ಹೇಳಲಾರೆ. ಕಟ್ಟರ್‌ನಲ್ಲಿ ಆ ತಲೆಯನ್ನು ಕವಲಿನ ಬುಡಕ್ಕೆ ಕತ್ತರಿಸಿದಾಗ ಕಟಕ್ ಅಂತ ಸದ್ದಾಯಿತು, ಒಣ ಮೂಳೆ ಮುರಿದ ಹಾಗೆ. ಉಳಿದ ಮೂರು ತಲೆಯನ್ನು ಅಯೋಡಿನ್ ನೀರಿನಲ್ಲಿ ಅದ್ದಿ ವಾಪಸ್ ಇಟ್ಟೆ. ಅಮ್ಮ ನನ್ನನ್ನು ಏನೂ ಅನ್ನಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮೊಸರು ಬಡಿಸುತ್ತಾ, "ಹೆಪ್ಪು ಹಾಕಿದ ಪಾತ್ರೇನ ಹತ್ತು ಸಲ ಎತ್ತಿ ಅಲ್ಲಾಡಿಸಿದ್ರೆ ಮೊಸರಾಗುತ್ತಾ?" ಅಂತ ಕೇಳಿದರು ಅಷ್ಟೆ.

ಸೋಮವಾರ ಸಿಗಡಿ ಇಲ್ಲ

ಆ ವಾರವೇ ನಾನು ಹತ್ತು ದಿನ ಬೇರೆ ಊರಿಗೆ ಹೋಗಬೇಕಿತ್ತು. ಜೂನ್‌ನಲ್ಲಿ ಅಮ್ಮನನ್ನು ಒಬ್ಬರನ್ನೇ ಬಿಟ್ಟು ಹೋಗುವುದಕ್ಕಿಂತ ಹ್ಯಾಮರನ್ನು ಬಿಟ್ಟು ಹೋಗುವುದೇ ನನಗೆ ಭಯ ಅನ್ನಿಸಿದ್ದು ನಿಜ, ಇದನ್ನು ಅಮ್ಮ ಓದುವುದಿಲ್ಲ ಅಂದುಕೊಂಡಿದ್ದೇನೆ. ಅಳೆಯುವುದನ್ನು ಹೇಳಿಕೊಡಲು ಹೋದೆ. ಅವರು ಅದೆಲ್ಲ ಬೇಡ ಅಂದರು. ನೋಟ್‌ಬುಕ್ಕಿನ ಹಾಳೆಯಲ್ಲಿ ಅಡ್ಡ ಉದ್ದ ಗೆರೆ ಎಳೆದು, ಮೇಲೆ ಸೋಮ, ಮಂಗಳ, ಬುಧ ಅಂತ ಬರೆದರು. ಪಕ್ಕದಲ್ಲಿ ನೀರು, ಸುಣ್ಣ, ಸಿಗಡಿ. ಹಾಳೆಯನ್ನು ತೊಟ್ಟಿಯ ಕೆಳಗಿನ ಕಪಾಟಿನ ಬಾಗಿಲಿಗೆ ಒಳಗಿಂದ ಅಂಟಿಸಿದರು.

ಬೆಳಗ್ಗೆ ಕಾಫಿಗೆ ಮುಂಚೆ ಗಾಜಿನ ಮೇಲಿನ ಗೆರೆಯವರೆಗೆ ಸಿಹಿನೀರು. ರಾತ್ರಿ ಹತ್ತಕ್ಕೆ ಲೈಟ್ ಆರಿದ ಮೇಲೆ ಅರ್ಧ ಲೀಟರ್ ಸುಣ್ಣದ ತಿಳಿ. ರಾತ್ರಿಯೇ ಯಾಕೆ ಅಂದರೆ, ಕತ್ತಲಲ್ಲಿ ಪಾಚಿ ಕೆಲಸ ನಿಲ್ಲಿಸಿ ನೀರಿನ ಪಿಎಚ್ ಇಳಿಯುತ್ತದೆ, ಅಂದರೆ ನೀರು ಹುಳಿಯ ಕಡೆ ವಾಲುತ್ತದೆ. ಸುಣ್ಣ ಅದನ್ನು ಎತ್ತಿ ಹಿಡಿಯುತ್ತದೆ. ಒಮ್ಮೆಗೇ ಸುರಿದರೆ ಮಾತ್ರ ಹವಳಕ್ಕೆ ಅಪಾಯ. ಎಂಟು ಗಂಟೆಯಲ್ಲಿ ಅರ್ಧ ಲೀಟರ್ ಇಳಿಯಬೇಕು ಅಂತ ನಾನು ಹೇಳಿದ್ದೆ. ಅಮ್ಮ ಡ್ರಿಪ್ಪಿನ ಚಕ್ರ ತಿರುಗಿಸಿ, ಹನಿ ಬೀಳುವುದನ್ನು ನೋಡುತ್ತಾ ಒಂದು, ಎರಡು, ಮೂರು ಅಂತ ಎಣಿಸಿದರು. ಮೂರಕ್ಕೊಂದು ಹನಿ. ಆಮೇಲೆ ನಾನು ಕ್ಯಾಲ್ಕುಲೇಟರ್‌ನಲ್ಲಿ ನೋಡಿದೆ, ಸರಿಯಾಗಿ ಅಷ್ಟೇ ಬರುತ್ತದೆ.

ಸಿಗಡಿಯದ್ದೇ ತಕರಾರು. ವಾರಕ್ಕೆ ಎರಡು ಸಲ ಹ್ಯಾಮರ್‌ನ ಬಾಯಿಗೆ ಫ್ರೀಜರ್‌ನ ಪುಟ್ಟ ಮೈಸಿಸ್ ಸಿಗಡಿಯನ್ನು ಪಿಪೆಟ್‌ನಲ್ಲಿ ಕೊಡುತ್ತಿದ್ದೆ. ಸೋಮವಾರ ಮತ್ತು ಗುರುವಾರ. "ಸೋಮವಾರ ಆಗಲ್ಲ" ಅಂದರು. ನಮ್ಮ ಮನೆಯಲ್ಲಿ ಸೋಮವಾರ, ಶನಿವಾರ ಮಾಂಸ ಮುಟ್ಟುವುದಿಲ್ಲ. ನೀನು ತಿನ್ನುವುದಲ್ಲವಲ್ಲ ಅಂದೆ. "ಮನೆಯೊಳಗೇ ಇದೆಯಲ್ಲ ಅದು?" ಕೊನೆಗೆ ಬುಧವಾರ, ಭಾನುವಾರ ಅಂತ ತೀರ್ಮಾನ ಆಯಿತು. ಹ್ಯಾಮರ್ ತಕರಾರು ಮಾಡಲಿಲ್ಲ.

ನಾನು ವಾಪಸ್ ಬಂದಾಗ ಮೂರೂ ತಲೆ ಅಂಗೈಯಷ್ಟು ಅರಳಿದ್ದವು. ಕೆಎಚ್ ಅಳೆದೆ. 8. ಮೂರು ದಿನ ಬಿಟ್ಟು ಅಳೆದೆ. 8. ಅಮ್ಮ ಆ ಹತ್ತು ದಿನ ಒಂದು ಸಲವೂ ನೀರಿಗೆ ಕೈ ಅದ್ದಿರಲಿಲ್ಲ. ನಾನು ಎರಡು ವರ್ಷದಲ್ಲಿ ಕಲ್ಲು ಆಚೆ ಸರಿಸು, ಲೈಟ್ ಎರಡು ಇಂಚು ಏರಿಸು, ಪಂಪ್ ತಿರುಗಿಸು ಅಂತ ಕೈ ಅದ್ದದ ದಿನ ಇರಲಿಲ್ಲ. ನನಗೆ ಅದರ ಮೇಲೆ ಪ್ರೀತಿ ಇತ್ತು, ನಿಜ. ಅಮ್ಮನಿಗೆ ಅದರ ಮೇಲೆ ವಿಶೇಷ ಪ್ರೀತಿ ಏನೂ ಇರಲಿಲ್ಲ. ಅವರಿಗಿದ್ದದ್ದು ಹತ್ತು ಗಂಟೆ. ದೀಪ ಹಚ್ಚುವ ಹೊತ್ತಿಗೆ ದೀಪ ಹಚ್ಚಿದ ಹಾಗೆ, ಹತ್ತಾಯಿತು, ಸುಣ್ಣ ಬಿಡಬೇಕು. ಮನಸ್ಸಿದ್ದರೂ ಇಲ್ಲದಿದ್ದರೂ.

ಬರುತ್ತೆ ಸಾರ್

2021ರಲ್ಲಿ ಮೈಸೂರಿಗೆ ವಾಪಸ್ ಬರುವಾಗ ಹ್ಯಾಮರ್‌ಗೆ ಒಂಬತ್ತು ತಲೆ. ಕೆಳಗಿನ ಮನೆಯ ನಿವೃತ್ತ ಮೇಷ್ಟರಿಗೆ ಕಲ್ಲು, ಮೀನು, ಪಂಪು, ಕಪಾಟು ಎಲ್ಲ ಕೊಟ್ಟೆ. ಅಮ್ಮ ಅವರನ್ನು ಕೆಳಮನೆ ತಾತ ಅನ್ನುತ್ತಿದ್ದರು. ಅಟ್ಟದಲ್ಲಿರುವುದು ಇಲ್ಲಿ ಬಂದ ಮೇಲೆ ಆಸೆಗೆ ತಗೊಂಡ ಬರೀ ಗಾಜು.

ಸಮುದ್ರಕ್ಕಿಂತ ಸುಮಾರು 760 ಮೀಟರ್ ಎತ್ತರದ ಊರಿನಲ್ಲಿ ಕೂತು, ಆ ಫೋಟೊದ ಮೂರು ತಲೆ ಎಲ್ಲಿಂದ ಬಂದಿರಬಹುದು ಅಂತ ಯೋಚಿಸುತ್ತೇನೆ. ಕಪ್‌ನ ಬುಡ ನೋಡಿದರೆ ಗೊತ್ತಾಗುತ್ತದೆ. ತೊಟ್ಟಿಯಲ್ಲಿ ಬೆಳೆದ ತುಂಡಿಗೆ ಸಾಮಾನ್ಯವಾಗಿ ಕೆಳಗೆ ಅಂಟಿಸಿದ ಬಿಲ್ಲೆ ಇರುತ್ತದೆ. ಫೋಟೊದಲ್ಲಿದ್ದದ್ದಕ್ಕೆ ಬಿಲ್ಲೆ ಇರಲಿಲ್ಲ. ಬುಡ ಒರಟಾಗಿತ್ತು, ಬಂಡೆಯಿಂದ ಉಳಿಯಲ್ಲಿ ಎಬ್ಬಿಸಿದ ಹಾಗೆ. ಇದನ್ನು ನೋಡಿಯೂ ನಾನು ಉಪ್ಪಿನ ಲೆಕ್ಕ ಬರೆದೆ ಅನ್ನುವುದೇ ನನ್ನನ್ನು ಕೊರೆಯುತ್ತಿರುವುದು. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋದರೆ ನಮ್ಮದೇ ರಾಜ್ಯದ ಹವಳವನ್ನು ನೀರಿಗಿಳಿದು ನೋಡಬಹುದು. ಹೋಗಬೇಕು. ಅಲ್ಲಾದರೆ ಕೈ ಹಾಕಲು ನನಗೆ ಬಿಡುವುದಿಲ್ಲ, ಒಳ್ಳೆಯದೇ ಆಯಿತು.

ಕರೆಂಟ್ ಬಿಲ್ ಹಿಂದಿನ ಲೆಕ್ಕ ಅಮ್ಮನ ಕಣ್ಣಿಗೆ ಬಿತ್ತು. ಊಟ ಮುಗಿಸಿ ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಎಲೆಯ ತೊಟ್ಟು ಮುರಿದು, ಬೆನ್ನಿನ ನಾರು ತೆಗೆದು, ಡಬ್ಬಿಯಿಂದ ಬೆರಳ ತುದಿಯಷ್ಟು ಸುಣ್ಣ ಸವರಿ, "ಕೆಳಮನೆ ತಾತಂಗೆ ಫೋನ್ ಮಾಡು, ನೋಡೋಣ" ಅಂದರು. ವಿಡಿಯೊ ಕಾಲ್ ಮಾಡಿದೆ. ಅಲ್ಲಿ ಇನ್ನೂ ಬೆಳಗ್ಗೆ, ಲೈಟ್ ಆಗತಾನೇ ಬಂದಿತ್ತು. ತಾತ ಫೋನನ್ನು ಗಾಜಿಗೆ ಹಿಡಿದರು. ಅಮ್ಮ ಕನ್ನಡಕ ಹಾಕಿಕೊಂಡು ಎಣಿಸಲು ಶುರು ಮಾಡಿ, ಹದಿನೇಳರ ಹತ್ತಿರ ತಪ್ಪಿ, ಮತ್ತೆ ಮೊದಲಿನಿಂದ ಎಣಿಸಿದರು. ಮೂರು ಸಲ ಎಣಿಸಿದರೂ ಒಂದೇ ಲೆಕ್ಕ ಬರಲಿಲ್ಲ.

ಆಮೇಲೆ ತಾತ ಏನೋ ತೋರಿಸುತ್ತೇನೆ ಇರಿ ಅಂದು ಬಗ್ಗಿ ಕಪಾಟಿನ ಬಾಗಿಲು ತೆಗೆದರು. ಒಳಗೆ ಅಮ್ಮನ ಹಾಳೆ. ಅದೇ ಹಾಳೆಯಲ್ಲ, ಅದರ ಜೆರಾಕ್ಸ್. ಪ್ರತಿ ವಾರ ಒಂದು ಅಂಟಿಸುತ್ತಾರಂತೆ. ಕನ್ನಡ ಅಕ್ಷರ ಓದಲು ಬರುವುದಿಲ್ಲ, ಆದರೆ ಯಾವ ಮನೆಯಲ್ಲಿ ಟಿಕ್ ಹಾಕಬೇಕು ಅಂತ ನಾನು ಹೇಳಿಕೊಟ್ಟಿದ್ದೆ. ಸೋಮ, ಮಂಗಳ, ಬುಧ, ಸುಣ್ಣ, ನೀರು, ಸಿಗಡಿ. ಅಮ್ಮ ಎಲೆ ಜಗಿಯುವುದನ್ನು ನಿಲ್ಲಿಸಿ ಫೋನ್ ಹತ್ತಿರಕ್ಕೆ ಎಳೆದುಕೊಂಡರು.

"ಮಂಗಳವಾರ ಸುಣ್ಣಕ್ಕೆ ಟಿಕ್ ಇಲ್ಲ" ಅಂದರು. "ಕೇಳು."